ಮೂರು ಗೆಣ್ಣಿನ ಹೆಬ್ಬೆರಳು

ಜನವರಿ 6

ಹೆಬ್ಬೆಟ್ಟು,

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಎರಡು ಸಲ ನಾನೇ ಓದಿದೆ, ಮೂರನೇ ಸಲ ಗಿರಾಕಿಗಳಿಗೆ ಓದಿ ಹೇಳಿದೆ. ಮೊಟ್ಟೆಯ ಚಿಪ್ಪಿನಲ್ಲಿ ಕಿಟಕಿ ಕೊರೆದು, ಒಳಗಿರುವ ಮೂರು ದಿನದ ಪಿಂಡದ ರೆಕ್ಕೆ ಕತ್ತರಿಸಿ, ಮೇಲೆ ಟೇಪು ಅಂಟಿಸಿ ಮತ್ತೆ ಕಾವಿಗೆ ಇಡುತ್ತೀಯಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನಾದರೆ ಕೋಳಿ ಹುಟ್ಟಿ, ಬೆಳೆದು, ನಾಲ್ಕು ಕಾಳು ತಿಂದ ಮೇಲೆ ಕಡಿಯುತ್ತೇನೆ. ನೀನು ಹುಟ್ಟುವುದಕ್ಕೂ ಬಿಡುವುದಿಲ್ಲ. ಈಗ ಹೇಳು, ನಮ್ಮಿಬ್ಬರಲ್ಲಿ ಯಾರು ಕಟುಕರು?

ಅಂಗಡಿ ನಡೆಯುತ್ತಿದೆ. ಹೋದ ವಾರ ಒಬ್ಬ ತೂಕದಲ್ಲಿ ಮೋಸ ಅಂದ. ಕಪಾಳಕ್ಕೆ ಒಂದು ಬಿಟ್ಟೆ, ತಕ್ಕಡಿ ಸರಿಯಾಗಿ ಕಾಣಿಸಿತು ಅವನಿಗೆ. ವಯಸ್ಸು ಅರವತ್ತೆರಡಾದರೂ ಕೈಗೆ ವಯಸ್ಸಾಗಿಲ್ಲ. ನಿನಗೂ ಆಗುವುದಿಲ್ಲ ನೋಡು. ಚಿಕ್ಕವಳಿದ್ದಾಗ ನಿನ್ನ ಹೆಬ್ಬೆರಳನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ, ನೆನಪಿದೆಯಾ? ಉದ್ದ, ತೆಳ್ಳಗೆ, ನನ್ನದೇ ಅಚ್ಚು. ಇಂಥ ಬೆರಳು ಹಿಡಿಯ ಮೇಲೆ ಕೂತರೆ ಮಚ್ಚು ಜಾರುವ ಮಾತೇ ಇಲ್ಲ.

ಪತ್ರದ ಕೊನೆಯಲ್ಲಿ ನಿನ್ನ ತಾಯಿ ಮತ್ತು ಅವಳ ಮಗನ ಸುದ್ದಿ ಬರೆದಿದ್ದೆ. ಅಷ್ಟು ಭಾಗ ಹರಿದು ಒಲೆಗೆ ಹಾಕಿದೆ. ಇನ್ನೊಮ್ಮೆ ಬರೆದರೆ ಪೂರ್ತಿ ಪತ್ರವೇ ಒಲೆಗೆ ಹೋಗುತ್ತದೆ. ನನಗಿರುವುದು ಒಂದೇ ಮಗು.

ನಿನ್ನ
ಅಪ್ಪ

ಜನವರಿ 24

ಅಪ್ಪ,

ಗಿರಾಕಿಗಳು ನಗಲಿ. ನಿನಗೆ ಮಾತ್ರ ಸರಿಯಾಗಿ ಹೇಳುತ್ತೇನೆ. ಮೂಳೆಯ ವಿಷಯ ನಿನ್ನಷ್ಟು ಬಲ್ಲವರು ನಮ್ಮ ಲ್ಯಾಬಿನಲ್ಲೂ ಕಡಿಮೆ.

ಪಿಂಡದಲ್ಲಿ ಕೈ ಮೊದಲು ಒಂದು ಮೊಗ್ಗು. ಅದಕ್ಕೆ ಬೆರಳಿಲ್ಲ, ಮೂಳೆಯಿಲ್ಲ. ಆ ಮೊಗ್ಗಿನ ಹಿಂದಿನ ಅಂಚಿನಲ್ಲಿ, ಅಂದರೆ ಮುಂದೆ ಕಿರುಬೆರಳು ಬರುವ ಕಡೆ, ಒಂದು ಜೀನು ಕೆಲಸ ಶುರು ಮಾಡುತ್ತದೆ. ಅದು ಸುರಿಸುವ ರಸ ಹೆಚ್ಚಾಗಿ ಸಿಕ್ಕ ಕಡೆ ಕಿರುಬೆರಳು, ಕಡಿಮೆಯಾದಂತೆ ಬೇರೆ ಬೆರಳುಗಳು, ತಲುಪದೇ ಇದ್ದ ತುದಿಯಲ್ಲಿ ಹೆಬ್ಬೆರಳು. ನಾನು ಆ ಹಿಂದಿನ ಅಂಚನ್ನು ಚೂರು ಕತ್ತರಿಸಿ ಇನ್ನೊಂದು ಪಿಂಡದ ಮುಂದಿನ ಅಂಚಿಗೆ ನೆಡುತ್ತೇನೆ. ಕೋಳಿಯ ರೆಕ್ಕೆಯಲ್ಲಿ ಮೂರೇ ಬೆರಳಿರುವುದು ನಿನಗೆ ಗೊತ್ತು. ನಾನು ನೆಟ್ಟದ್ದರಲ್ಲಿ ಆರು ಬರುತ್ತವೆ, ಕನ್ನಡಿಯಲ್ಲಿ ಕಂಡ ಹಾಗೆ ಎದುರುಬದುರಾಗಿ.

ಈ ಜೀನು ಮೈಯ ಎಲ್ಲ ಜೀವಕೋಶಗಳಲ್ಲೂ ಇದೆ. ಹಾಗಿದ್ದೂ ಕೈಯ ಹಿಂದಿನ ಅಂಚಿನಲ್ಲಿ ಮಾತ್ರ ಯಾಕೆ ಏಳುತ್ತದೆ? ಅದಕ್ಕೊಂದು ಸ್ವಿಚ್ಚಿದೆ. ಜೀನಿನ ಪಕ್ಕದಲ್ಲಲ್ಲ, ಜೀನುಗಳೆಲ್ಲ ಸಾಲಾಗಿ ಬರೆದಿರುವ ಡಿಎನ್‌ಎ ಎಳೆಯ ಮೇಲೆ ಹತ್ತು ಲಕ್ಷ ಅಕ್ಷರ ದೂರದಲ್ಲಿ. ಆ ಸ್ವಿಚ್ಚಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಾಕು, ಜೀನು ಹೆಬ್ಬೆರಳಿನ ಕಡೆಯೂ ಏಳುತ್ತದೆ. ಮನುಷ್ಯರಲ್ಲೂ ಅಷ್ಟೇ. ಹೋದ ವಾರ ಒಂದು ಕುಟುಂಬದ ಎಕ್ಸ್‌ರೇ ನೋಡಿದೆ. ತಂದೆಯ ಹೆಬ್ಬೆರಳಿನಲ್ಲಿ ಎರಡರ ಬದಲು ಮೂರು ಮೂಳೆ. ಮಗಳಿಗೂ ಮೂರು. ಆ ಎಕ್ಸ್‌ರೇ ಪಕ್ಕದಲ್ಲಿ ನನ್ನ ಕೈಯಿಟ್ಟು ನೋಡಿಕೊಂಡೆ, ಅಪ್ಪ. ತುಂಬಾ ಹೊತ್ತು ಕೈ ತೆಗೆಯಲಾಗಲಿಲ್ಲ.

ಒಂದು ಕೆಲಸ ಮಾಡು. ಹಾಳೆಯ ಮೇಲೆ ನಿನ್ನ ಬಲಗೈ ಇಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆ. ಹೆಬ್ಬೆರಳು ಎಲ್ಲೆಲ್ಲಿ ಮಡಿಯುತ್ತದೋ ಅಲ್ಲಿ ಗುರುತು ಹಾಕಿ ಕಳಿಸು.

ನಿನ್ನ ಮಗಳು

ಫೆಬ್ರವರಿ 10

ಹೆಬ್ಬೆಟ್ಟು,

ಹಾಳೆ ಇದರೊಂದಿಗಿದೆ. ಕೊಬ್ಬಿನ ಕಲೆ ಆಗಿದೆ, ಬೈಯಬೇಡ. ಮೂರು ಗೆಣ್ಣು, ಸರಿಯಾಗಿ ಎಣಿಸಿದ್ದೇನೆ. ನಮ್ಮಮ್ಮನಿಗೂ ಹೀಗೇ ಇತ್ತು. ಇದು ನಮ್ಮ ವಂಶದ ಮುದ್ರೆ ಎಂದು ನಾನು ಮೊದಲಿನಿಂದ ಹೇಳುತ್ತಿರಲಿಲ್ಲವಾ? ಈಗ ದೊಡ್ಡವರು ಎಕ್ಸ್‌ರೇ ತೆಗೆದು ಹೇಳುತ್ತಿದ್ದಾರೆ. ಗಿರಾಕಿಗಳಿಗೆಲ್ಲ ಹೇಳಿದೆ.

ಆ ಕುಟುಂಬದಲ್ಲಿ ಮಗನೂ ಇದ್ದನಾ? ಅವನ ಕೈ ಹೇಗಿತ್ತು? ಅದನ್ನು ನೀನು ಬರೆಯಲಿಲ್ಲ.

ನಿನ್ನ
ಅಪ್ಪ

ಫೆಬ್ರವರಿ 20

ತಮ್ಮಾ,

ಈ ಪತ್ರ ನಿನಗೆ ಬರೆಯಲು ಇಪ್ಪತ್ನಾಲ್ಕು ವರ್ಷ ಹಿಡಿಯಿತು. ನಾವು ಸಿಕ್ಕಾಗಲೆಲ್ಲ ಅಮ್ಮನ ಆರೋಗ್ಯ, ನಿನ್ನ ವೆಲ್ಡಿಂಗ್ ಶೆಡ್ಡು, ಬಸ್ಸಿನ ಹೊತ್ತು ಇಷ್ಟೇ ಮಾತಾಡುತ್ತೇವೆ. ಆ ದಿನದ ಮಾತು ನೀನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ನೀನಾಗ ನಾಲ್ಕು ವರ್ಷದವನು. ನಿನಗೆಷ್ಟು ನೆನಪಿದೆಯೋ ತಿಳಿಯದು. ನನಗೆ ಪೂರ್ತಿ ನೆನಪಿದೆ.

ನಿನ್ನ ಬಲಗೈಯಲ್ಲಿ ಎರಡು ಹೆಬ್ಬೆರಳಿದ್ದವು. ಅಪ್ಪ ಅದನ್ನು ನೋಡಿದಾಗಲೆಲ್ಲ ಮುಖ ಗಂಟು ಹಾಕುತ್ತಿದ್ದ, ಆದರೆ ಸುಮ್ಮನಿದ್ದ. ಆ ಬೆಳಿಗ್ಗೆ ಕುರಿ ತರುವವನು ಅಂಗಡಿ ಮುಂದೆ ನಿಂತು ಬೆರಳು ಮಡಿಸಿ ಕುರಿ ಎಣಿಸುತ್ತಿದ್ದ. ಅವನಿಗೂ ಆರು ಬೆರಳು. ಯಾರೋ ಗಿರಾಕಿ ನಿನ್ನ ಕೈ ನೋಡಿ, ಅವನ ಕೈ ನೋಡಿ, "ಓಹೋ, ಕುರಿ ಜೊತೆಗೆ ಇದನ್ನೂ ಇವನೇ ತಂದುಕೊಟ್ಟ ಹಾಗಿದೆ" ಅಂದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಗುತ್ತಲೇ ಮಚ್ಚು ತಿರುವಿ ಹಿಡಿದು ಅದರ ಬೆನ್ನಿನಿಂದ ಕುರಿಯವನ ದವಡೆಗೆ ಹೊಡೆದ. ಹಲ್ಲುಗಳು ತಕ್ಕಡಿಯ ತಟ್ಟೆಗೆ ಬಿದ್ದ ಸದ್ದು ನನಗೆ ಈಗಲೂ ಕೇಳುತ್ತದೆ. ಆ ಮನುಷ್ಯ ಸಾಯುವವರೆಗೂ ಗಂಜಿ ಕುಡಿದೇ ಬದುಕಿದ. ನಮ್ಮಮ್ಮ ಅವನಿಗೆ ಕೊಟ್ಟಿದ್ದು ಬಂದಾಗೊಂದು ಚೊಂಬು ನೀರು, ಅಷ್ಟೇ.

ಆಮೇಲೆ ಅಪ್ಪ ನಿನ್ನನ್ನು ಎತ್ತಿ ಮಾಂಸ ಕಡಿಯುವ ಕೊರಡಿನ ಪಕ್ಕ ನಿಲ್ಲಿಸಿದ. "ಕೈ ಇಡು ಮರೀ, ಆಟ" ಅಂದ. ನೀನು ನಕ್ಕು ಇಟ್ಟೆ. ನೀನೇ ಇಟ್ಟೆ, ತಮ್ಮಾ. ಒಂದೇ ಏಟು. ಕಡಿದದ್ದನ್ನು ಕೋಳಿಯ ಕಾಲು ತಲೆ ಬಿಸಾಡುವ ಬಕೀಟಿಗೆ ಹಾಕಿದ. ಅಮ್ಮ ಓಡಿಬಂದು ಏನೋ ಕೂಗಿದಳು, ಅವಳ ಕಿವಿಯ ಮೇಲೆ ಹೊಡೆದ. ಅವಳು ಎದ್ದಳು, ಮತ್ತೆ ಹೊಡೆದ. ಆಮೇಲೆ ನನ್ನ ಕಡೆ ತಿರುಗಿ "ನಿನ್ನ ಕೈ ತೋರ್ಸು" ಅಂದ.

ನಾನು ಕೈ ಎತ್ತಿ ತೋರಿಸಿದೆ. ಒಂಬತ್ತು ವರ್ಷ ನನಗೆ. ಹೆದರಿದ್ದೆ, ಸುಳ್ಳಲ್ಲ. ಆದರೆ ಒಳಗೆ ಎಲ್ಲೋ ಒಂದು ಹೆಮ್ಮೆಯೂ ಇತ್ತು. "ಇವಳು ನನ್ನವಳು, ಇವಳಿರಲಿ" ಅಂದ. ಅಮ್ಮ ನಿನ್ನ ಕೈಗೆ ಸೆರಗು ಸುತ್ತಿಕೊಂಡು ಹೊರಟಾಗ ನಾನು ಅಲ್ಲೇ ನಿಂತಿದ್ದೆ.

ಇದನ್ನು ಹೇಳಿಯೇ ಕೇಳಬೇಕಿತ್ತು. ಜೊತೆಯಲ್ಲಿ ಎರಡು ಕೊಳವೆ ಕಳಿಸಿದ್ದೇನೆ. ಒಂದರಲ್ಲಿ ನೀನು ಉಗುಳು, ಇನ್ನೊಂದರಲ್ಲಿ ಅಮ್ಮನ ಹತ್ತಿರ ಉಗುಳಿಸು. ಬಿಗಿಯಾಗಿ ಮುಚ್ಚಿ ಕಳಿಸು. ನಾನೂ ನನ್ನದನ್ನು ಕೊಟ್ಟಿದ್ದೇನೆ.

ನಿನ್ನ ಅಕ್ಕ

ಮಾರ್ಚ್ 3

ಅಕ್ಕಾ,

ಉಗುಳಿದ್ದೇನೆ. ಅವನ ಹೆಸರು ಹೇಳಿಕೊಂಡು ಉಗುಳಿದ್ದರಿಂದ ಕೊಳವೆ ಬೇಗ ತುಂಬಿತು.

ಅಮ್ಮನದೂ ಇದೆ. "ಇದರಿಂದ ಏನ್ ಗೊತ್ತಾಗ್ಬೇಕಂತೆ?" ಅಂತ ಕೇಳಿದಳು. ನನಗೆ ತಿಳಿಯದು ಅಂದೆ. ಸುಮ್ಮನೆ ಉಗುಳಿ ಕೊಟ್ಟಳು, ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತಳು.

ನನಗೆ ನೆನಪಿಲ್ಲ ಅಂದುಕೊಂಡಿದ್ದೀಯ. ಶೆಡ್ಡಿನಲ್ಲಿ ಕೈಗವಸು ಹಾಕುವಾಗ ದಿನವೂ ಆ ಜಾಗ ಉರಿಯುತ್ತದೆ. ಇಲ್ಲದ ಬೆರಳು ಉರಿಯುತ್ತದೆ. ಅದು ಆಟ ಅಂದಿದ್ದೂ ನೆನಪಿದೆ.

ನೀನು ಕೈ ಎತ್ತಿದ್ದು ನೆನಪಿರಲಿಲ್ಲ. ಈಗ ಗೊತ್ತಾಯಿತು.

ತಮ್ಮ

ಏಪ್ರಿಲ್ 28

ಅಪ್ಪ,

ನೀನು ಕೇಳಿದ್ದೆ, ಆ ಕುಟುಂಬದಲ್ಲಿ ಮಗನೂ ಇದ್ದನಾ ಎಂದು. ಇದ್ದ. ಅವನಿಗೆ ಎರಡು ಹೆಬ್ಬೆರಳು.

ಅದೇ ಸ್ವಿಚ್ಚು, ಅದೇ ಒಂದು ಅಕ್ಷರದ ತಪ್ಪು. ಒಬ್ಬರಲ್ಲಿ ಅದು ಹೆಬ್ಬೆರಳನ್ನು ಉದ್ದ ಮಾಡಿ ಮೂರನೇ ಗೆಣ್ಣು ಕೊಡುತ್ತದೆ, ಇನ್ನೊಬ್ಬರಲ್ಲಿ ಎರಡನೇ ಹೆಬ್ಬೆರಳು ಹುಟ್ಟಿಸುತ್ತದೆ. ಒಂದೇ ತಂದೆಯ ಮಕ್ಕಳಲ್ಲಿ ಎರಡೂ ಬರುತ್ತವೆ. ನನ್ನ ಎಂಜಲು, ತಮ್ಮನ ಎಂಜಲು, ಅಮ್ಮನ ಎಂಜಲು ಮೂರನ್ನೂ ಪಕ್ಕದ ವಿಭಾಗದಲ್ಲಿ ಓದಿಸಿದೆ. ನನ್ನ ಸ್ವಿಚ್ಚಿನಲ್ಲಿ ಆ ತಪ್ಪಿದೆ. ತಮ್ಮನಲ್ಲಿ ಅದೇ ಜಾಗದಲ್ಲಿ ಅದೇ ತಪ್ಪಿದೆ. ಅಮ್ಮನಲ್ಲಿ ಇಲ್ಲ. ಹಾಗಾದರೆ ಅದು ಎಲ್ಲಿಂದ ಬಂತು? ನೀನು ಕೊಬ್ಬಿನ ಕಲೆಯ ಹಾಳೆಯ ಮೇಲೆ ನಿನ್ನ ಕೈಯಾರೆ ಬರೆದು ಕಳಿಸಿದ್ದೀಯ.

ಇನ್ನೊಂದು ಮಾತು, ಇದನ್ನು ಓದುವಾಗ ಕೂತುಕೋ. ಕುರಿಯವನ ಆರನೇ ಬೆರಳು ಕಿರುಬೆರಳಿನ ಪಕ್ಕದಲ್ಲಿತ್ತು. ತಮ್ಮನದು ಹೆಬ್ಬೆರಳಿನ ಪಕ್ಕದಲ್ಲಿತ್ತು. ಕೈಯ ಆ ತುದಿ ಬೇರೆ, ಈ ತುದಿ ಬೇರೆ. ಅವೆರಡಕ್ಕೂ ಸಂಬಂಧವೇ ಇಲ್ಲ. ಕಣ್ಣು ಮುಚ್ಚಿಕೊಂಡು ಕುರಿಯ ಮುಂಗಾಲು ಹಿಂಗಾಲು ಹೇಳುವವನು ನೀನು. ಮೂಳೆ ಮುಟ್ಟಿದರೆ ಎಡವೋ ಬಲವೋ ಹೇಳುತ್ತೀಯ. ಅವತ್ತು ನೀನು ಬೆರಳು ಎಣಿಸಿದೆ, ಕೈ ನೋಡಲಿಲ್ಲ. ಆರು ಅಂತ ಎಣಿಸಿದ್ದೇ ತಡ ಒಬ್ಬನ ದವಡೆ ಮುರಿದೆ, ಹೆಂಡತಿಯ ಕಿವಿಗೆ ಹೊಡೆದೆ, ನಾಲ್ಕು ವರ್ಷದ ನಿನ್ನ ಸ್ವಂತ ಮಗನ ಬೆರಳು ಬಕೀಟಿಗೆ ಹಾಕಿದೆ. ಯಾವ ಹೆಬ್ಬೆರಳನ್ನು ಹಿಡಿಯ ಮೇಲೆ ಒತ್ತಿ ಆ ಏಟು ಹಾಕಿದೆಯೋ, ನಿನ್ನ ಮಗನ ಗುರುತು ಅದರಲ್ಲೇ ಇತ್ತು.

ಇದನ್ನು ಬರೆದು ನನ್ನ ಹೊಟ್ಟೆ ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಆದರೂ ಕಳಿಸುತ್ತೇನೆ. ನೀನು ನನಗೆ ಹೊಡೆಯುವುದು ಬಿಟ್ಟು ಮತ್ತೇನು ಕಲಿಸಿದ್ದೀಯ? ಇದು ನನ್ನ ಏಟು. ಇದರ ಇನ್ನೊಂದು ಪ್ರತಿ ತಮ್ಮನಿಗೂ ಇವತ್ತೇ ಹಾಕಿದ್ದೇನೆ.

ನೀನು ಅಮ್ಮನಿಗೆ ಬರೆ. ಅಷ್ಟೇ ಕೇಳುತ್ತೇನೆ.

ಮಗಳು

ಮೇ 4

ಅಕ್ಕಾ,

ನಿನ್ನ ಪತ್ರ ಶೆಡ್ಡಿಗೆ ಬಂತು. ಮೂರು ಸಲ ಓದಿದೆ. ನಾನು ಬೇರೆ ಯಾರದೋ ಮಗ ಇರಬಹುದು, ಹಾಗಾದರೆ ಕಡಿದವನೂ ನನ್ನ ಅಪ್ಪನಲ್ಲ, ಯಾರೋ ಬೇರೆಯವನು, ಹಾಳಾಗಿ ಹೋಗಲಿ ಅಂದುಕೊಂಡು ಬದುಕಿದ್ದೆ. ಹಾಗಂದುಕೊಂಡೇ ಇಷ್ಟು ವರ್ಷ ಕಳೆದಿದ್ದೇನೆ. ಈಗ ನೀನು ಹೇಳುತ್ತೀಯ, ಕಡಿದವನು ಅಪ್ಪನೇ ಅಂತ.

ಮಂಗಳವಾರ ಅಂಗಡಿಗೆ ಹೋಗುತ್ತಿದ್ದೇನೆ. ಅಮ್ಮನಿಗೆ ಕಬ್ಬಿಣ ತರಲು ಹೋಗುತ್ತೇನೆ ಅಂದಿದ್ದೇನೆ. ನಿನ್ನ ಪತ್ರವನ್ನೂ ಒಯ್ಯುತ್ತೇನೆ, ಓದಿ ಹೇಳಬೇಕಲ್ಲ.

ತಮ್ಮ

ಮೇ 7, ಬೆಳಿಗ್ಗೆ ಒಂಬತ್ತು

ಅಪ್ಪ,

ತಮ್ಮನ ಪತ್ರ ಈಗ ಕೈಸೇರಿತು. ಇವತ್ತೇ ಮಂಗಳವಾರ. ಅಂಗಡಿಯ ಫೋನು ಬಡಿದುಕೊಳ್ಳುತ್ತಲೇ ಇದೆ, ನೀನು ಎತ್ತುತ್ತಿಲ್ಲ. ಅವನ ಫೋನು ಬಂದ್ ಆಗಿದೆ. ಈ ಪತ್ರ ತಲುಪುವ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತದೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಕೈ ಸುಮ್ಮನಿರುವುದಿಲ್ಲ. ಅಂಗಡಿ ಮುಚ್ಚು. ಎಲ್ಲಾದರೂ ಹೋಗು. ಅವನ ಮೇಲೆ ಮಾತ್ರ ಕೈ ಎತ್ತಬೇಡ.

ತಪ್ಪು ನನ್ನದು. ಇಲ್ಲಿ ಕೂತು ಒಂದು ಸ್ವಿಚ್ಚು ಒತ್ತಿದೆ. ಅದು ಎಲ್ಲಿ ಹೋಗಿ ಏನನ್ನು ಎಬ್ಬಿಸುತ್ತದೆ ಎಂಬುದೇ ನನ್ನ ಓದು, ನನ್ನ ಉದ್ಯೋಗ. ಅದನ್ನೇ ಯೋಚಿಸಲಿಲ್ಲ.

ಮಗಳು

ಜೂನ್ 2

ಮಗಳೇ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಾಲ್ಕು ದಿನದಿಂದ ಈ ಒಂದೇ ಪತ್ರ.

ಅವನು ಬಂದಾಗ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಶಟರ್ ಎಳೆದ. ಫೋನು ಹೊಡೆದುಕೊಳ್ಳುತ್ತಿತ್ತು, ಎತ್ತಿ ನೆಲಕ್ಕೆ ಬಿಸಾಡಿದ. ಮೊದಲು ಬಾಯಿಗೆ ಹೊಡೆದ. ಎರಡು ಹಲ್ಲು ಹೋದವು. ಬಿದ್ದ ಮೇಲೆ ಪಕ್ಕೆಗೆ ಒದ್ದ. ನನ್ನ ಕೈಯಲ್ಲಿ ಮಚ್ಚು ಇತ್ತು. ನಾನು ಬೀಸಬಹುದಿತ್ತು, ಬೀಸಲಿಲ್ಲ. ನೀನು ಹಾಗೆ ಬರೆದಿದ್ದೆ ಅಂತಲ್ಲ, ನಿನ್ನ ಆ ಪತ್ರ ಆಗಿನ್ನೂ ಬಂದಿರಲಿಲ್ಲ. ಮೊದಲಿನದು ಮಾತ್ರ ಹಿಂದಿನ ದಿನ ಬಂದಿತ್ತು. ಓದಿದ್ದೆ.

ಅವನು ನನ್ನನ್ನು ಎಬ್ಬಿಸಿ ಕೊರಡಿನ ಮುಂದೆ ನಿಲ್ಲಿಸಿದ. ಪತ್ರ ತೆಗೆದು, ಕುರಿಯವನ ಬೆರಳಿನ ಜಾಗದಿಂದ ಜೋರಾಗಿ ಓದಿದ. ಕೊನೆಯವರೆಗೂ ಓದಿ ಮಡಿಸಿ ಜೇಬಿಗಿಟ್ಟ. ಆಮೇಲೆ "ಕೈ ಇಡು" ಅಂದ. ಆಟ ಅನ್ನಲಿಲ್ಲ.

ಮಚ್ಚು ಅವನಿಗೆ ಕೊಟ್ಟೆ. ಬಲಗೈ ಇಟ್ಟೆ. ಇಡುವಾಗ ಕಣ್ಣಿಗೆ ಬಿತ್ತು, ಮೂರು ಗೆಣ್ಣು. ಸಾವಿರಾರು ಕುರಿ ಬಿಡಿಸಿದ್ದೇನೆ, ಆ ಬೆರಳು ಯಾಕೆ ಹಾಗಿದೆ ಅಂತ ಒಂದು ದಿನ ಕೇಳಿಕೊಳ್ಳಲಿಲ್ಲ. ಹೆಮ್ಮೆ ಪಟ್ಟುಕೊಂಡೆ, ಅಷ್ಟೇ. ಅವನು ಹೊಡೆದ. ವೆಲ್ಡಿಂಗ್ ಮಾಡುವವನಿಗೆ ಮಚ್ಚಿನ ರೂಢಿ ಇಲ್ಲ. ಎರಡು ಏಟು ಬೇಕಾಯಿತು. ನಾನಾಗಿದ್ದರೆ ಒಂದೇ.

ಬೆರಳು ನೆಲಕ್ಕೆ ಬಿತ್ತು. ಅವನು ಅದನ್ನೇ ನೋಡುತ್ತ ನಿಂತ. ಬಕೀಟು ಅಲ್ಲೇ ಇತ್ತು. ಬಕೀಟಿಗೆ ಹಾಕುತ್ತಾನೆ ಅಂದುಕೊಂಡೆ. ಬಗ್ಗಿ ಎತ್ತಿಕೊಂಡ, ಐಸ್ ಪೆಟ್ಟಿಗೆ ತೆಗೆದು ಐಸಿನ ಚೂರಿನ ಜೊತೆ ಕವರಿಗೆ ಹಾಕಿ ಗಂಟು ಹಾಕಿದ. ತನ್ನ ಅಂಗಿ ಬಿಚ್ಚಿ ನನ್ನ ಕೈಗೆ ಸುತ್ತಿದ. ಬನಿಯನ್ನಿನಲ್ಲೇ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ನಡೆದ.

ಚೀಟಿ ಬರೆಯುವವಳು "ನೀವು ಇವರಿಗೇನಾಗ್ಬೇಕು?" ಅಂತ ಕೇಳಿದಳು. ಅವನು ಕವರಿನ ಗಂಟು ಇನ್ನಷ್ಟು ಬಿಗಿ ಮಾಡಿದ. ಅವಳು ಮತ್ತೆ ಕೇಳಿದಳು. "ಮಗ" ಅಂದ.

ಹೊಲಿದರು. ಆರು ದಿನಕ್ಕೆ ಬೆರಳು ಕಪ್ಪಾಗಿ ನಾರತೊಡಗಿತು, ತೆಗೆದುಹಾಕಿದರು. ಪೊಲೀಸರಿಗೆ ನನ್ನ ಕೈಯಿಂದಲೇ ಆಯಿತು ಅಂದೆ. ಮೊದಲ ದಿನ, ಹೊಲಿಯುವ ಮುಂಚೆ, ಡಾಕ್ಟರು ಬೆರಳಿನ ಎಕ್ಸ್‌ರೇ ಬೆಳಕಿಗೆ ಹಿಡಿದು "ಇದೇನು, ಮೂರು ಮೂಳೆ ಇದೆಯಲ್ಲ! ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?" ಅಂದರು. ಅವನು ಬಾಗಿಲ ಹತ್ತಿರ ನಿಂತಿದ್ದ.

"ಇದೆ. ನನ್ನ ಇಬ್ಬರು ಮಕ್ಕಳಿಗೂ ಇದೆ" ಅಂದೆ.

ತಿರುಗಿ ನೋಡುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇರಲಿಲ್ಲ. ಮತ್ತೆ ಬಂದಿಲ್ಲ.

ನಿನ್ನ ತಾಯಿಗೂ ಒಂದು ಪತ್ರ ಬರೆದು ಹಾಕಿದ್ದೇನೆ. ಅಕ್ಷರ ಹೀಗೇ ವಕ್ರವಾಗಿದೆ.

ಅಪ್ಪ

ಜೂನ್ 19

ಮಗಳೇ,

ಅಮ್ಮಾ ಅಮ್ಮಾ ಎಂದು ನೀನು ಬರೆದ ಮೂರು ಪತ್ರಗಳೂ ಬಂದವು. ಕ್ಷಮಿಸು ಎಂದು ಎಷ್ಟು ಸಲ ಬರೆಯುತ್ತೀಯ? ಓದಿ ಓದಿ ಸಾಕಾಯಿತು.

ನಿನ್ನ ತಮ್ಮ ಶೆಡ್ಡಿಗೆ ಹೋಗುತ್ತಾನೆ, ಬರುತ್ತಾನೆ. ಊಟಕ್ಕೆ ಮುಂಚೆ ನಾಲ್ಕು ಸಲ ಕೈ ತೊಳೆಯುತ್ತಾನೆ. ಅವನು ಆ ಮಂಗಳವಾರ ಅಂಗಿಯಿಲ್ಲದೆ, ಮೈಯೆಲ್ಲ ರಕ್ತ ಮಾಡಿಕೊಂಡು ಬಾಗಿಲಲ್ಲಿ ನಿಂತಾಗ ನನಗೆ ನಿಮ್ಮಪ್ಪನೇ ಬಂದು ನಿಂತ ಹಾಗಾಯಿತು. ಅವನು ಯಾರ ಮಗ ಅಂತ ಇನ್ನು ಯಾರಿಗೂ ಅನುಮಾನ ಬೇಡ. ಇಪ್ಪತ್ನಾಲ್ಕು ವರ್ಷ ಅವನನ್ನು ಆ ಕೊರಡಿನಿಂದ ದೂರ ಇಟ್ಟು ಬೆಳೆಸಿದ್ದೆ. ನಿನ್ನ ಒಂದು ಹಾಳೆ ಅವನನ್ನು ಅಲ್ಲಿಗೇ ಒಯ್ದು ನಿಲ್ಲಿಸಿತು. ಇದಕ್ಕೆ ನನಗೆ ನಿನ್ನ ಮೇಲೆ ಸಿಟ್ಟಿದೆ. ಸುಳ್ಳು ಹೇಳುವುದಿಲ್ಲ.

ನೀನು ಕೈ ಎತ್ತಿದ್ದಕ್ಕೆ ಸಿಟ್ಟಿಲ್ಲ. ಒಂಬತ್ತು ವರ್ಷದ ಕೂಸು ಮತ್ತೇನು ಮಾಡುತ್ತದೆ? ಎತ್ತದಿದ್ದರೆ ಅದನ್ನೂ ಕಡಿಯುತ್ತಿದ್ದರು. ನೀನು ಎತ್ತಿದ್ದು ನೋಡಿ ನನಗೆ ಉಸಿರು ಬಂತು.

ಆದರೆ ಅವತ್ತು ನಾನು ಏನೋ ಕೂಗಿದೆ ಎಂದು ತಮ್ಮನಿಗೆ ಬರೆದಿದ್ದೀಯಂತೆ. ಏನು ಕೂಗಿದೆ ಎಂದು ನಿನಗೆ ನೆನಪಿಲ್ಲವೇ? ಇಬ್ಬರಿಗೂ ದಿನಾ ಸ್ನಾನ ಮಾಡಿಸಿದವಳು ನಾನು. ನಿನ್ನ ಉದ್ದ ಹೆಬ್ಬೆರಳು, ಅವನ ಜೋಡಿ ಹೆಬ್ಬೆರಳು ಒಂದೇ ಬೇರಿನವು ಎಂದು ಸೋಪು ಹಚ್ಚುವಾಗಲೇ ನನ್ನ ಕೈಗೆ ತಿಳಿದಿತ್ತು. ಓಡಿ ಬಂದು ಅದನ್ನೇ ಕೂಗಿದೆ. "ನಿಮ್ಮ ಹೆಬ್ಬೆರಳು ನೋಡ್ಕೊಳ್ರೀ! ಮಗಳ ಕೈ ನೋಡ್ರೀ! ಇದು ನಿಮ್ಮದೇ!" ಎಂದೆ. ಅದಕ್ಕೇ ಕಿವಿಯ ಮೇಲೆ ಹೊಡೆದರು. ಎದ್ದು ಮತ್ತೆ ಅದನ್ನೇ ಹೇಳಿದೆ. ಮತ್ತೆ ಹೊಡೆದರು. ನಿನ್ನ ಕೈ ತೋರಿಸು ಅಂದದ್ದು ನಾನು ಹೇಳಿದ ಮೇಲೆ. ನೋಡಿದರು. ನಿನ್ನನ್ನು ಇಟ್ಟುಕೊಂಡರು, ನಾನು ಹೇಳಿದ್ದನ್ನು ಬಿಟ್ಟರು. ನಿನ್ನ ಕೊಳವೆಗಳು ಹೇಳಿದ್ದನ್ನು ನಾನು ಅವತ್ತೇ ಹೇಳಿದ್ದೆ ಮಗಳೇ, ನೀನು ಮೂರು ಮಾರು ದೂರದಲ್ಲಿ ನಿಂತಿದ್ದೆ.

ಅವರ ಪತ್ರ ಬಂದಿದೆ. ಲಕೋಟೆಯ ಮೇಲಿನ ವಕ್ರ ಅಕ್ಷರ ನೋಡಿದೆ, ಒಡೆಯಲಿಲ್ಲ. ಹೊಲಿಗೆ ಯಂತ್ರದ ಕಾಲು ಅಲ್ಲಾಡುತ್ತಿತ್ತು, ಮಡಿಸಿ ಅದರ ಕೆಳಗೆ ಇಟ್ಟಿದ್ದೇನೆ.

ಮುಂದಿನ ತಿಂಗಳು ಬರುತ್ತೇನೆ ಎಂದಿದ್ದೀಯ. ಬಾ. ತಮ್ಮನ ಹತ್ತಿರ ನೀನೇ ಮೊದಲು ಮಾತಾಡು, ಅವನಾಗಿ ಆಡುವುದಿಲ್ಲ. ನನ್ನ ಹತ್ತಿರ ಕೂತಾಗ ಬಲಗಡೆ ಕೂತುಕೋ. ಎಡಗಿವಿ ಅವತ್ತಿನಿಂದ ಕೇಳುವುದಿಲ್ಲ. ನೀನು ಬಂದಾಗಲೆಲ್ಲ ಆ ಕಡೆಯೇ ಕೂತು ಮಾತಾಡುತ್ತೀಯ, ನಾನು ಸುಮ್ಮನೆ ತಲೆಯಾಡಿಸುತ್ತೇನೆ.

ಅಮ್ಮ